ಮಾಯಪ್ಪ ಮತ್ತು ಏಳನೆಯ ಕಲ್ಲು

ಮಾಯಪ್ಪ ರಸ್ತೆಗೆ ಮೊಳೆ ಬಿತ್ತುತ್ತಾನೆ ಎಂದು ಸುಧೀರ ಮಾಸ್ತರರು ಮೂರು ವರ್ಷ ನಂಬಿಕೊಂಡಿದ್ದರು. ನಂಬಿಕೆಗೆ ಆಧಾರವಿತ್ತು. ಮಾಸ್ತರರು ಗಣಿತದವರು, ಆಧಾರವಿಲ್ಲದೆ ಹಲ್ಲು ಕೂಡ ಉಜ್ಜುವವರಲ್ಲ. ನಿಪ್ಪಾಣಿಯ ಮನೆಯಿಂದ ಅಕ್ಕೋಳದ ಆಚೆಯ ಹೈಸ್ಕೂಲಿಗೆ ದಿನಾ ಮೋಟಾರ್ ಸೈಕಲ್ಲಿನಲ್ಲಿ ಹೋಗಿಬರುವ ಅವರ ಗಾಡಿ ಮೂರು ಸಲ ಪಂಕ್ಚರ್ ಆಗಿತ್ತು, ಮೂರೂ ಸಲ ಒಂದೇ ತಿರುವಿನ ಆಸುಪಾಸು. ಆ ತಿರುವಿನ ಬೇವಿನ ಗಿಡದ ಕೆಳಗೆ ಮಾಯಪ್ಪನ ಪಂಕ್ಚರ್ ಶೆಡ್ಡು. ಸಂಜೆ ಶಾಲೆ ಬಿಟ್ಟು ಬರುವಾಗ, ಅರವತ್ತು ದಾಟಿದ ಆ ಮನುಷ್ಯ ಗೋಣಿಚೀಲ ಹಿಡಿದು ರಸ್ತೆಯ ನಡುವೆ ಬಗ್ಗಿ ಏನೋ ಮಾಡುತ್ತಿದ್ದುದನ್ನೂ, ಗಾಡಿಯ ಸಪ್ಪಳ ಕೇಳಿದೊಡನೆ ಬದಿಗೆ ಸರಿಯುತ್ತಿದ್ದುದನ್ನೂ ಮಾಸ್ತರರು ಕಣ್ಣಾರೆ ಕಂಡಿದ್ದರು. ಮೂರು ಬಿಂದು ಸಿಕ್ಕರೆ ವೃತ್ತ ಎಳೆಯಬಹುದು ಎಂದು ಹತ್ತನೆಯ ತರಗತಿಗೆ ಕಲಿಸುತ್ತಿದ್ದವರು, ಮೂರು ಪಂಕ್ಚರ್ ಹಿಡಿದು ಮಾಯಪ್ಪನ ಸುತ್ತ ವೃತ್ತ ಎಳೆದುಬಿಟ್ಟರು.

ಅವರು ಗಾಡಿಯನ್ನು ಮಾಯಪ್ಪನಿಗೆ ಕೊಡದೆ ತಳ್ಳಿಕೊಂಡು ಹೋಗುತ್ತಿದ್ದರಾದರೂ, ಇನ್ನೊಂದು ಮಾತು ಅವರ ಕಿವಿಗೆ ಬಿದ್ದಿತ್ತು. ದಾರಿಯಲ್ಲಿ ನಿಂತ ಗಾಡಿಗೆ ಕೈ ಹಚ್ಚುವ ಮೊದಲು ಮಾಯಪ್ಪ ಕೀಲಿ ಇಸಿದುಕೊಳ್ಳುತ್ತಾನಂತೆ. ಕೆಲಸ ಮುಗಿದು, ದುಡ್ಡು ಕೊಟ್ಟರೂ ತಟ್ಟನೆ ಕೀಲಿ ಕೊಡುವುದಿಲ್ಲವಂತೆ. "ಇದು ದಾದಾಗಿರಿ," ಎಂದು ಮಾಸ್ತರರು ಸ್ಟಾಫ್ ರೂಮಿನಲ್ಲಿ ಚಹಾದ ಕಪ್ಪು ಕೆಳಗಿಟ್ಟು ಘೋಷಿಸಿದರು. ಆಮೇಲೆ ಪಂಚಾಯ್ತಿಗೆ ಎರಡು ಪುಟದ ಮನವಿ ಬರೆದು, ಹದಿನಾಲ್ಕು ಸಹಿ ಹಾಕಿಸಿ ಕೊಟ್ಟರು. 'ಸಾರ್ವಜನಿಕ ಸುರಕ್ಷತೆಯ ಹಿತದೃಷ್ಟಿಯಿಂದ' ಎಂಬ ಮಾತು ಅದರಲ್ಲಿ ಐದು ಕಡೆ ಬರುತ್ತದೆ. ಶೆಡ್ಡು ನಿಂತದ್ದು ರಸ್ತೆಯ ಜಾಗದಲ್ಲಿ ಎಂಬುದಂತೂ ನಿಜವೇ. ಬರುವ ಸೋಮವಾರದೊಳಗೆ ಕಿತ್ತುಕೊಂಡು ಹೋಗಬೇಕೆಂದು ಮಾಯಪ್ಪನಿಗೆ ನೋಟಿಸು ಹೋಯಿತು.

ಈ ನಡುವೆ ಮಾಸ್ತರರು ಸ್ವಾವಲಂಬಿಯಾಗಿದ್ದರು. ಕೈಯಲ್ಲಿ ಹಿಡಿಯುವಷ್ಟೇ ದೊಡ್ಡದಾದ, ಚಾರ್ಜ್ ಮಾಡಿದರೆ ತಾನೇ ಹವಾ ತುಂಬುವ ಯಂತ್ರವೊಂದನ್ನು ಆನ್‌ಲೈನಿನಲ್ಲಿ ತರಿಸಿದರು. ಅದರ ಜೊತೆ ಟ್ಯೂಬ್‌ಲೆಸ್ ಟೈರಿನ ತೂತಿಗೆ ತುರುಕುವ ಬತ್ತಿಗಳು, ರೇಡಿಯಂ ಪಟ್ಟಿಯ ಜಾಕೀಟು, ಮಿಣುಕುವ ಬ್ಯಾಟರಿ, ಕೆಟ್ಟ ಗಾಡಿಯ ಹಿಂದೆ ರಸ್ತೆಯಲ್ಲಿ ಇಡುವ, ಮಡಚಬಹುದಾದ ಕೆಂಪು ತ್ರಿಕೋನ ಬಂದವು. ತ್ರಿಕೋನವೆಂದರೆ ಮಾಸ್ತರರಿಗೆ ಮೊದಲೇ ಪ್ರೀತಿ. ಗೀರು ಬೀಳಬಾರದೆಂದು ಅದನ್ನು ಮನೆಯ ಶೋಕೇಸಿನಲ್ಲಿ ಇಟ್ಟರು.

"ಅಹೋ, ಗಾಡಿ ಕೆಟ್ಟಾಗ ಶೋಕೇಸ್ ಹೊತ್ಕೊಂಡ ಹೋಗ್ತೀರೇನು?" ಎಂದು ಹೆಂಡತಿ ಪ್ರಾಜಕ್ತಾ ಕೇಳಿದ್ದರು. ಉತ್ತರ ಕೊಡುವ ಮಟ್ಟದ ಪ್ರಶ್ನೆ ಅದಲ್ಲವೆಂದು ಮಾಸ್ತರರು ಶೋಕೇಸಿನ ಗಾಜು ಒರೆಸಿದರು.

ಆ ಬುಧವಾರ ಶಾಲೆಯಲ್ಲಿ ಪ್ರಾತ್ಯಕ್ಷಿಕೆ ನಡೆಯಿತು. ಯಂತ್ರದಿಂದ ಒಂಬತ್ತು ಗಾಡಿ, ಎರಡು ಸೈಕಲ್ಲು, ಶಾಲೆಯ ಫುಟ್‌ಬಾಲಿಗೆ ಹವಾ ತುಂಬಿ ತೋರಿಸಿದರು. ಎಲ್ಲರೂ ತಲೆದೂಗಿದರು. ಸಂಜೆ ಹೊತ್ತು ಮುಳುಗುವಾಗ, ತಿರುವಿಗೆ ನೂರು ಮಾರು ಹಿಂದೆ, ಮಾಸ್ತರರ ಹಿಂದಿನ ಗಾಲಿ ನೆಲಕ್ಕೆ ಕೂತಿತು.

ಕಬ್ಬಿನ ಸೀಸನ್ನು. ಟ್ರ್ಯಾಕ್ಟರಿಗೆ ಎರಡೆರಡು ಟ್ರ್ಯಾಲಿ, ಟ್ರ್ಯಾಲಿಯಿಂದ ಆಚೆ ಈಚೆ ಚಾಚಿದ ಕಬ್ಬು, ಹಿಂದೆ ದೀಪವಿಲ್ಲ, ಮುಂದೆ ಹಾಡು. ಒಂದು ಹೋದರೆ ಇನ್ನೊಂದು ಬರುತ್ತಿತ್ತು. ಮಾಸ್ತರರು ಯಂತ್ರ ತೆಗೆದು ಗುಂಡಿ ಒತ್ತಿದರು. ಅದು ಒಮ್ಮೆ ಗುರ್ ಎಂದು ಸುಮ್ಮನಾಯಿತು. ಒಂಬತ್ತು ಗಾಡಿ, ಎರಡು ಸೈಕಲ್ಲು, ಒಂದು ಫುಟ್‌ಬಾಲು. ಲೆಕ್ಕ ಸರಿಯಾಗಿತ್ತು. ಜಾಕೀಟು ಸ್ಟಾಫ್ ರೂಮಿನ ಗೂಟದಲ್ಲಿತ್ತು, ಮಿಣುಕು ಬ್ಯಾಟರಿ ನೋಡಲು ಇಸಿದುಕೊಂಡ ಸಹೋದ್ಯೋಗಿಯ ಕಿಸೆಯಲ್ಲಿ, ತ್ರಿಕೋನ ಶೋಕೇಸಿನಲ್ಲಿ. ಆಗ ಮಾಸ್ತರರು ಈ ಸೀಮೆಯಲ್ಲಿ ಗಾಡಿ ಕೆಟ್ಟವರೆಲ್ಲ ಮಾಡುವುದನ್ನೇ ಮಾಡಿದರು. ಬದುವಿನಿಂದ ಕಲ್ಲು ಹೊತ್ತು ತಂದು ಗಾಡಿಯ ಹಿಂದೆ ರಸ್ತೆಯ ಮೇಲೆ ಸಾಲಾಗಿ ಇಟ್ಟರು, ನಡುವೆ ಒಂದು ಜಾಲಿಯ ಟೊಂಗೆ ಸಿಗಿಸಿದರು.

ಸೈಕಲ್ಲು ತಳ್ಳಿಕೊಂಡು ಮಾಯಪ್ಪ ಬಂದ. ಕ್ಯಾರಿಯರಿನಲ್ಲಿ ಕಾಲಿನಿಂದ ತುಳಿಯುವ ಪಂಪು. ಹ್ಯಾಂಡಲಿಗೆ ಎರಡು ಎಣ್ಣೆ ಡಬ್ಬಿ, ಕೆಂಪು ಬಣ್ಣ ಬಳಿದು ರೇಡಿಯಂ ಪಟ್ಟಿ ಹಚ್ಚಿದವು. ಮಾತಿಲ್ಲದೆ ಒಂದು ಡಬ್ಬಿಯನ್ನು ಹಿಂದೆ ಐವತ್ತು ಹೆಜ್ಜೆ ನಡೆದು ಇಟ್ಟ, ಇನ್ನೊಂದನ್ನು ಮುಂದೆ ಇಟ್ಟ. ಆಮೇಲೆ ಕೈ ಚಾಚಿದ.

"ಕೀಲಿ ಕೊಡ್ರಿ."

"ಯಾಕ? ನಾ ಎಲ್ಲಿ ಓಡಿ ಹೋಗ್ತೀನಿ?"

"ಹೋಗ್ತಾರ್ರಿ ಎಲ್ಲಾರೂ. ಕೊಡ್ರಿ."

ಕತ್ತಲು ಬೀಳುತ್ತಿತ್ತು. ಮಾಸ್ತರರು ಕೊಟ್ಟರು. ಮಾಯಪ್ಪ ಗಾಲಿ ತಿರುಗಿಸಿ, ಉಗುಳು ಹಚ್ಚಿ ತೂತು ಹುಡುಕಿ, ಇಕ್ಕಳದಿಂದ ಒಂದು ಚೂರು ಎಳೆದು ಮಾಸ್ತರರ ಅಂಗೈಯಲ್ಲಿ ಇಟ್ಟ. ಮೊಳೆ ಸಿಕ್ಕಿತೆಂದು ಮಾಸ್ತರರು ಗೆಲುವಿನಿಂದ ಅಂಗೈಯನ್ನು ಕಣ್ಣಿನ ಹತ್ತಿರ ತಂದರು. ನೋಡಿದರೆ ಮೊಳೆಯಲ್ಲ, ಕೂದಲಿಗಿಂತ ತುಸು ದಪ್ಪನೆಯ ಉಕ್ಕಿನ ಎಳೆ.

"ಟ್ರ್ಯಾಲಿ ವಾಯರ್‌ದ್ದು," ಎಂದ ಮಾಯಪ್ಪ. "ಕಾರ್ಖಾನಿಯೊಳಗ ಕಬ್ಬ ಎತ್ತಾಕ ಕೆಳಗ ಉಕ್ಕಿನ ಹಗ್ಗ ಹಾಕಿರ್ತಾರಲ್ರಿ, ಅದರ ಎಳಿ ಹರದು ಬೀಳ್ತಾವ. ಈ ತಿರುವಿನ್ಯಾಗ ಟ್ರ್ಯಾಲಿ ಕುಲಕ್ತಾವ, ಇಲ್ಲೇ ಹೆಚ್ಚ ಬೀಳ್ತಾವ. ಮಂದಿ ಮಾತ್ರ ಮಾಯಪ್ಪ ಮೊಳಿ ಒಗೀತಾನ ಅಂತಾರ."

ಮಾಸ್ತರರು ಆ ಎಳೆಯನ್ನು ಕಿಸೆಗೆ ಹಾಕಿಕೊಂಡರು. ಯಾಕೆಂದು ಅವರಿಗೇ ತಿಳಿಯಲಿಲ್ಲ.

ಬತ್ತಿ ತುರುಕಿ, ಪಂಪು ತುಳಿದು ಹವಾ ತುಂಬಿ ಆಯಿತು. ಮಾಸ್ತರರು ಕೀಲಿಗೆ ಕೈ ಚಾಚಿದರು.

"ಕಲ್ಲ ತಗೀರಿ."

"ಏನು?"

"ಇಟ್ಟೀರಲ್ರಿ, ಅವನ್ನ ತಗೀರಿ."

"ಏ ಮಾಯಪ್ಪ, ನಾ ಹೈಸ್ಕೂಲ್ ಮಾಸ್ತರ ಇದ್ದೀನಿ."

"ಹೌದ್ರಿ. ಅದಕ್ಕ 'ರಿ' ಹಚ್ಚಿ ಅಂತೀನಿ. ತಗೀರಿ."

ಮಾಸ್ತರರು ಪ್ಯಾಂಟಿನ ಇಸ್ತ್ರಿ ಕೆಡದಂತೆ ಬಗ್ಗಿ ಒಂದೊಂದೇ ಕಲ್ಲು ಎತ್ತಿ ಬದುವಿಗೆ ಹಾಕಿದರು. ಟೊಂಗೆಯನ್ನೂ ಎಸೆದರು. ಕೈ ಕೊಡವಿಕೊಂಡು ಬಂದರು. ಮಾಯಪ್ಪ ಕೀಲಿ ಕೊಡಲಿಲ್ಲ.

"ಏಳ ಇಟ್ಟಿದ್ರಿ. ಆರ ತಗದೀರಿ."

ಗಣಿತದ ಮಾಸ್ತರರು ತಿರುಗಿ ನೋಡಿದರು. ಟೊಂಗೆಯ ನೆರಳಿದ್ದ ಜಾಗದಲ್ಲಿ, ಡಾಂಬರಿನ ಬಣ್ಣಕ್ಕೇ ಬಣ್ಣ ಕೂಡಿಕೊಂಡು, ತೆಂಗಿನಕಾಯಿ ಗಾತ್ರದ ಏಳನೆಯ ಕಲ್ಲು ಕೂತಿತ್ತು. ಅವರು ಹೋಗಿ ಎತ್ತುವ ಹೊತ್ತಿಗೆ ಒಂದು ಮೋಪೆಡ್ಡು, ಮುಂದೆ ಹಾಲಿನ ಕ್ಯಾನು, ಹಿಂದೆ ಒಬ್ಬ ಮುದುಕಿ, ಡಬ್ಬಿಯ ಪಟ್ಟಿಯ ಹೊಳಪು ಕಂಡು ಸರಿದು ಅವರ ಪಕ್ಕದಿಂದಲೇ ಹೋಯಿತು. ಮಾಸ್ತರರು ಕಲ್ಲು ಹಿಡಿದುಕೊಂಡೇ ನಿಂತರು.

"ನಿಮ್ಮಂಗ ನಾನೂ ಒಮ್ಮೆ ಇಟ್ಟಿದ್ದೆ," ಎಂದ ಮಾಯಪ್ಪ. ಪಂಪಿನ ಪೈಪು ಸುತ್ತುತ್ತ, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದ.

ಇಪ್ಪತ್ತೊಂದು ವರ್ಷದ ಹಿಂದೆ ಅವನು ಕಬ್ಬು ಹೇರುವ ಗ್ಯಾಂಗಿನಲ್ಲಿದ್ದ. ಇದೇ ತಿರುವಿನಲ್ಲಿ ಟ್ರ್ಯಾಲಿಯ ಗಾಲಿ ಒಡೆಯಿತು. ಕಲ್ಲು ಇಟ್ಟವನು ಮಾಯಪ್ಪ. ಒಂದು ಕಲ್ಲಿನ ಅಂಚು ಚೂಪಾಗಿ ಅವನ ಬೆರಳು ಕೊಯ್ದಿತ್ತು. ಗಾಲಿ ಬದಲಿಸುವಷ್ಟರಲ್ಲಿ ಸಂಜೆಯಾಯಿತು. ಕಾರ್ಖಾನೆಯಲ್ಲಿ ಪಾಳಿಯ ನಂಬರು ತಪ್ಪುತ್ತದೆಂದು ಡ್ರೈವರ್ ಒದರಿದ. ಹಿಂದೆ ಬರುವವರು ಯಾರಾದರೂ ತೆಗೆಯುತ್ತಾರೆಂದು ಮಾಯಪ್ಪ ಕಬ್ಬಿನ ಮೇಲೆ ಹತ್ತಿ ಕೂತ.

ಹಿಂದೆ ಬಂದವನು ಸಮಾಧಾನ ಎಂಬ ಅವನ ತಮ್ಮ. ಅಣ್ಣ ಮಧ್ಯಾಹ್ನದಿಂದ ದಾರಿಯಲ್ಲಿ ಸಿಕ್ಕಿಬಿದ್ದಿದ್ದಾನೆ, ಉಂಡಿಲ್ಲ ಎಂದು ಯಾರೋ ಹೇಳಿದ್ದರಂತೆ. ರೊಟ್ಟಿ, ಝುಣಕದ ಬುತ್ತಿ ಹ್ಯಾಂಡಲಿಗೆ ಕಟ್ಟಿಕೊಂಡು ಮೋಪೆಡ್ಡಿನಲ್ಲಿ ಬಂದಿದ್ದ.

"ಬುತ್ತಿ ಬಿಚ್ಚಿರಲಿಲ್ರಿ. ಗಂಟ ಹಂಗ ಇತ್ತು. ಕಲ್ಲ ನೋಡಿದ ಕೂಡ್ಲೇ ಗೊತ್ತಾತು. ಚೂಪ ಅಂಚಿನ್ಯಾಗ ನನ್ನ ರಗತ ಇನ್ನೂ ಇತ್ತು, ಅವಂದೂ ಇತ್ತು."

ಅದಾದ ಮೇಲೆ ಮಾಯಪ್ಪ ಕಬ್ಬಿನ ಕೆಲಸಕ್ಕೆ ಹೋಗಲಿಲ್ಲ. ಪಂಕ್ಚರ್ ಕೆಲಸ ಕಲಿತು ಇಲ್ಲೇ ಕೂತ. ದಿನಾ ಸಂಜೆ ಹೊತ್ತು ಮುಳುಗುವ ಮೊದಲು ತಿರುವಿನ ಎರಡೂ ಕಡೆ ನಡೆದು, ಬಿಟ್ಟುಹೋದ ಕಲ್ಲು, ವಾಯರಿನ ಎಳೆ, ಬಿದ್ದ ಕಬ್ಬು ಆರಿಸುವನು. ಮಾಸ್ತರರು ಮೂರು ವರ್ಷ ಕಂಡದ್ದು ಅದನ್ನೇ. ಸಮಾಧಾನ ತೀರಿಕೊಂಡಾಗ ಅವನ ಮಗಳು ನೀಲಮ ತೊಟ್ಟಿಲ ಕೂಸು. ಈಗ ನಿಪ್ಪಾಣಿಯಲ್ಲಿ ನರ್ಸಿಂಗ್ ಓದುತ್ತಾಳೆ.

"ಸೋಮವಾರ ಶೆಡ್ಡ ತಗೀಬೇಕಂತ್ರಿ," ಎಂದ ಮಾಯಪ್ಪ, ಕೀಲಿ ಕೊಡುತ್ತ. "ಅರ್ಜಿ ಪ್ರತಿ ಕೊಟ್ಟಿದ್ರು. ನೀಲಮ ಓದಿ ಹೇಳಿದ್ಲು. ಅಕ್ಷರ ಬಾಳ ಚಂದ ಅದಾವ ಅಂದ್ಲು, ಮಾಸ್ತರ."

ಅಂದರೆ ಅವನಿಗೆ ಮೊದಲಿನಿಂದ ಗೊತ್ತಿತ್ತು. ಗೊತ್ತಿದ್ದೇ ಸೈಕಲ್ಲು ತಳ್ಳಿಕೊಂಡು ಬಂದಿದ್ದ.

ಮನೆಯಲ್ಲಿ ಮಾಸ್ತರರು ಊಟಕ್ಕೆ ಕೂತರು. ಎಲ್ಲ ಹೇಳಿ, "ಈಗ ಏನು ಮಾಡೂದು? ಊರಾಗ ನನ್ನ ಮರ್ಯಾದಿ ಪ್ರಶ್ನೆ ಐತಿ," ಎಂದರು. ಪ್ರಾಜಕ್ತಾ ಎದ್ದು ಹೋಗಿ ಶೋಕೇಸಿನಿಂದ ತ್ರಿಕೋನ ತೆಗೆದು ಅವರ ತಾಟಿನ ಮುಂದೆ ಇಟ್ಟರು. "ಹದಿನಾಲ್ಕ್ ಮಂದಿ ಸಹಿ ಹಾಕಿಸ್ಕೊಂಡು ಬಂದ್ರಿ. ಈಗ ನಿಮ್ಮದೊಂದು ಸಹಿ ಹಾಕಾಕ ಏನ ತ್ರಾಸ?"

ಮಾಸ್ತರರು ಎರಡನೆಯ ಅರ್ಜಿ ಬರೆದರು. ಮೊದಲ ಕರಡಿನಲ್ಲಿ 'ಮರುಪರಿಶೀಲನೆಯ ಬೆಳಕಿನಲ್ಲಿ' ಎಂದು ಬಂತು. ಎರಡನೆಯದರಲ್ಲಿ 'ಮಾಹಿತಿಯ ಕೊರತೆಯಿಂದ' ಎಂದು. ಶುಕ್ರವಾರ ಪಂಚಾಯ್ತಿಯ ಸಭೆಯಲ್ಲಿ ಅಧ್ಯಕ್ಷ ವಿರುಪಾಕ್ಷಪ್ಪನವರು ಅದನ್ನು ಕನ್ನಡಕ ಏರಿಸಿ ಓದಿ, "ಮಾಸ್ತರ, ಇದರಾಗ ನೀವು ಏನ ಹೇಳಾಕತ್ತೀರಿ? ಮಂದಿಗೆ ತಿಳಿಯೂಹಂಗ ಬಾಯಿಲೆ ಹೇಳ್ರಿ," ಎಂದರು. ಸಭೆಯಲ್ಲಿ ಅವರ ಹಳೆಯ ವಿದ್ಯಾರ್ಥಿಗಳೇ ನಾಲ್ಕು ಜನ ಕೂತಿದ್ದರು. ಮಾಸ್ತರರು ಎದ್ದು ನಿಂತರು. ಕಿಸೆಯಲ್ಲಿ ಕೈ ಹಾಕಿದರೆ ವಾಯರಿನ ಎಳೆ ಬೆರಳಿಗೆ ಚುಚ್ಚಿತು.

"ಅವ ಮೊಳಿ ಒಗಿಯೂದಿಲ್ಲ. ಕಲ್ಲ ಆರಸ್ತಾನ. ನಾ ತಪ್ಪ ಬರದಿದ್ದೆ."

ಯಾರೂ ನಗಲಿಲ್ಲ. ಸಭೆಯಲ್ಲಿದ್ದ ಬಹಳ ಜನ ಯಾವಾಗಲಾದರೂ ಒಮ್ಮೆ ಕಲ್ಲಿಟ್ಟು ಹೋದವರೇ. ಶೆಡ್ಡನ್ನು ರಸ್ತೆಯಿಂದ ಹತ್ತು ಅಡಿ ಹಿಂದಕ್ಕೆ, ಬೇವಿನ ಗಿಡದ ಆಚೆ ಬದಿಗೆ ಸರಿಸಿಕೊಂಡು ಅಲ್ಲೇ ಇರಲಿ ಎಂದು ಠರಾವು ಆಯಿತು.

ರವಿವಾರ ಮಾಸ್ತರರು ಎಲ್ಲ ಸಾಮಾನು ಹಿಡಿದು ತಿರುವಿಗೆ ಹೋದರು. ಮಾಯಪ್ಪ ಶೆಡ್ಡಿನ ತಗಡು ಬಿಚ್ಚಿ ಹಿಂದಕ್ಕೆ ಕಟ್ಟುತ್ತಿದ್ದ. ಅವನು ತ್ರಿಕೋನ ಬಿಚ್ಚಿ, ಮಡಚಿ, ಮತ್ತೆ ಬಿಚ್ಚಿ ನೋಡಿ ಇಟ್ಟುಕೊಂಡ. ಜಾಕೀಟು ತೊಟ್ಟು ನೋಡಿದ. ಹೊಟ್ಟೆಗೆ ಸಡಿಲಾಯಿತು, ಆದರೂ ಬಿಚ್ಚಲಿಲ್ಲ. ಹವಾ ಯಂತ್ರವನ್ನು ಮಾತ್ರ ಮರಳಿ ಕೊಟ್ಟ. "ಇದನ್ನ ನೀವ ಇಟ್ಕೋರಿ. ದಿನಾ ಚಾರ್ಜ್ ಮಾಡ್ರಿ. ಫುಟ್‌ಬಾಲಿಗೆ ಹೊಡೀಬ್ಯಾಡ್ರಿ."

ಫುಟ್‌ಬಾಲಿನ ಸುದ್ದಿ ಇಲ್ಲಿತನಕ ಬಂದಿದೆಯಲ್ಲ ಎಂದುಕೊಳ್ಳುತ್ತ ಮಾಸ್ತರರು ಗಾಡಿ ಹತ್ತಿದರು. ಹೋಗುವ ಮೊದಲು ಏನಾದರೂ ದೊಡ್ಡ ಮಾತು ಆಡಬೇಕೆನ್ನಿಸಿತು, ಗಣಿತದವರು ಬೇರೆ.

"ಕಾಕಾ, ಇಪ್ಪತ್ತೊಂದು ವರ್ಷದಾಗ ಅಂದಾಜು ಎಷ್ಟು ಜೀವ ಉಳಿಸಿರಬಹುದು ನೀವು?"

ಮಾಯಪ್ಪ ತಗಡಿನಿಂದ ಕಣ್ಣು ಎತ್ತಲಿಲ್ಲ.

"ನನಗೇನ ಗೊತ್ತ್ರಿ? ಬೀಳದವ್ರು ನಿಂತು ಹೇಳಿ ಹೋಗೂದಿಲ್ಲ. ಗಾಡಿ ಹಿಂದ ತಗೋರಿ, ನಿಮ್ಮ ಗಾಲಿ ಮುಂದ ಒಂದು ಕಲ್ಲೈತಿ."