ಕುದುರೆಯಂತೆ ಹಾರಿದ ರಾಜ

ಕೈ ಎತ್ತಿ ತಕರಾರು ಮಾಡಿದವನು ನಾನೋ, ತೀರ್ಪುಗಾರರಾಗಿದ್ದ ಡ್ರಿಲ್ ಮಾಸ್ತರರು ತಾವಾಗಿಯೇ ಎದ್ದು ಬಂದರೋ, ಖಚಿತವಾಗಿ ಹೇಳಲಾರೆ. ನೆನಪಿನಲ್ಲಿ ಒಮ್ಮೊಮ್ಮೆ ನನ್ನ ಕೈ ಮೇಲಿರುತ್ತದೆ, ಒಮ್ಮೊಮ್ಮೆ ಇರುವುದಿಲ್ಲ.

ಎಪ್ಪತ್ತರ ದಶಕದ ಕೊನೆ ಇರಬೇಕು. ಬಾಗಲಕೋಟೆಯ ಶಾಲೆಯೊಂದರಲ್ಲಿ ಚದುರಂಗ ಪಂದ್ಯಾವಳಿ, ಕೊನೆಯ ಸುತ್ತು. ಗೆದ್ದವನು ಧಾರವಾಡದ ಪಂದ್ಯಕ್ಕೆ ಹೋಗಬೇಕು. ನಾನು ಧಾರವಾಡದಲ್ಲೇ ಎಂ.ಎ. ಮುಗಿಸಿ ಬಂದು, ಕೆಲಸವಿಲ್ಲದೆ ಚಡಪಡಿಸುತ್ತಿದ್ದವನು. ಎದುರಿಗೆ ಕೂತವರು ಇಳಕಲ್ಲಿನ ನೇಕಾರರೊಬ್ಬರು, ನಲವತ್ತು ದಾಟಿದವರು. ಮಗ್ಗ ನಿಲ್ಲಿಸಿ ಬಂದಿದ್ದರು.

"ಒಮ್ಮೆರ ಧಾರವಾಡದಾಗ ಕುಂತು ಆಡಬೇಕ್ರಿ. ಕಟ್ಟಿ ಮ್ಯಾಲೆ ಆಡಿ ಆಡಿ ಸಾಕಾಗೇತಿ," ಎಂದರು ಕಾಯಿ ಜೋಡಿಸುತ್ತ.

ನಾನು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದೆ. ಅವರು ಒಂದೇ ಮನೆ. ಆಮೇಲೆ ನಡೆಸಿದ ಕಾಲಾಳೂ ಒಂದೇ ಮನೆ.

"ಎರಡು ಮನಿ ನಡಸಾಕ ಬರತೈತ್ರಿ," ಎಂದೆ.

"ಗೊತ್ತೈತ್ರಿ. ಓಡಿ ಹೋಗಿ ಎಲ್ಲಿ ಮುಟ್ಟೂದೈತಿ?"

ಪುಸ್ತಕದಿಂದ ಕಲಿತ ನನ್ನ ಆರಂಭ ಎಂಟನೆಯ ನಡೆಗೇ ಮುಗಿದುಹೋಯಿತು. ಅವರ ಕಾಲಾಳುಗಳ ಗಿಡ್ಡ ಗೋಡೆ ಹಾಗೇ ನಿಂತಿತ್ತು. ಸೆಕೆಗೆ ನನ್ನ ತಲೆ ಓಡದಾಗಿತ್ತು. ಆಗ ಅವರು ರಾಜನನ್ನೆತ್ತಿ ಕುದುರೆಯಂತೆ ಹಾರಿಸಿ ಕಾಲಾಳಿನ ಹಿಂದೆ ಕೂರಿಸಿದರು. ನಮ್ಮ ಕಡೆ ಕಟ್ಟೆಯ ಮೇಲಿನ ಆಟದಲ್ಲಿ, ಇನ್ನೂ ಷಹ, ಅಂದರೆ ಚೆಕ್, ಬೀಳದ ರಾಜ ಒಮ್ಮೆ ಹೀಗೆ ಹಾರಬಹುದು. ಅವರ ಹಿಂದಿನ ಸುತ್ತುಗಳ ಎದುರಾಳಿಗಳೂ ಅದೇ ಆಟದವರು, ಯಾರೂ ತಡೆದಿರಲಿಲ್ಲ.

"ಇದು ನಡ್ಯಂಗಿಲ್ರಿ. ಮುಟ್ಟೀರಿ, ರಾಜನ್ನ ನಡಸಬೇಕು. ಒಂದ ಮನಿ," ಎಂದರು ಮಾಸ್ತರರು.

"ನಮ್ಮಜ್ಜನ ಕಾಲದಿಂದ ಹಾರೇತ್ರಿ ಈ ರಾಜ!"

"ನಿಮ್ಮಜ್ಜಗ ಯಾರೂ ಕಾಯ್ದೆ ಹೇಳಿಲ್ಲ ಬಿಡ್ರಿ."

ಸುತ್ತ ನಿಂತವರು ನಕ್ಕರು. ನೇಕಾರರು ನನ್ನ ಮುಖ ನೋಡಿದರು. ನಾನು ಮಣೆಯತ್ತ ಕಣ್ಣಿಳಿಸಿದೆ. ಅವರು ರಾಜನನ್ನು ಪಕ್ಕದ ಮನೆಗೆ ಸರಿಸಿದರು. ಮೂಲೆಯ ಆನೆ ಅಲ್ಲೇ ಸಿಕ್ಕಿಕೊಂಡಿತು. ಒಂದು ತಾಸಿನಲ್ಲಿ ಸೋತರು.

"ಹೋಗಿ ಬರ್ರಿ ಧಾರವಾಡಕ್ಕ," ಎಂದು ಟವೆಲ್ ಕೊಡವಿ ಎದ್ದರು.

ಹೋದೆ, ಮೊದಲ ಸುತ್ತಿನಲ್ಲೇ ಸೋತು ಬಂದೆ.

ಪುಸ್ತಕದ ಆಟದಲ್ಲೂ ರಾಜನಿಗೆ ಒಂದು ವಿಶೇಷ ನಡೆ ಇದೆ: ಅವನು ಎರಡು ಮನೆ ಸರಿದರೆ ಆನೆ ಅವನನ್ನು ದಾಟಿ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಆ ಗಳಿಗೆಯಲ್ಲಿ ಅದು ನನಗೆ ಹೊಳೆದಿತ್ತೇ, ಹೊಳೆದೂ ಸುಮ್ಮನಿದ್ದೆನೇ? ಕೇಳಿಕೊಂಡು ಕೇಳಿಕೊಂಡು ದಣಿದಿದ್ದೇನೆ.

ಎಷ್ಟೋ ವರ್ಷದ ಮೇಲೆ, ಅಂದು ನಡೆಗಳನ್ನು ಬರೆದಿದ್ದ ಹಾಳೆ ಸಿಕ್ಕಿತು. ಕಾಯಿ ಹೂಡಿ ನೋಡಿದೆ. ಅವರ ರಾಜನಾಗಲಿ ಆ ಆನೆಯಾಗಲಿ ಅಲ್ಲಿಯವರೆಗೆ ಕದಲಿರಲಿಲ್ಲ. ನಡುವಿನ ಎರಡೂ ಮನೆ ಖಾಲಿ ಇದ್ದವು, ಅವುಗಳ ಮೇಲೆ ನನ್ನ ಯಾವ ಕಾಯಿಯ ದಾಳಿಯೂ ಇರಲಿಲ್ಲ. ಮುಟ್ಟಿದ ರಾಜನಿಂದಲೇ ಪುಸ್ತಕದ ಆ ವಿಶೇಷ ನಡೆ ಆಡಬಹುದಿತ್ತು.