ಅಜ್ಜಿಯ ಕೈಗೆ ಹಿಟ್ಟಿನ ಉಂಡೆ

ತುಕ್ಕಾನಟ್ಟಿಯಲ್ಲಿ ನಮ್ಮ ಬಾಜೂ ಮನೆಯ ಕಾಕು ತಪ್ಪು ತೋರಿಸಿದವರ ಜೊತೆ ಜಗಳವಾಡುತ್ತಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಪಕ್ಕಕ್ಕೆ ಸರಿದು, "ನೀವ ಮಾಡಿ ತೋರಸ್ರಿ" ಎನ್ನುತ್ತಿದ್ದರು.

ಮಗಳ ಬಾಣಂತನಕ್ಕೆ ಅವರು ಜರ್ಮನಿಯ ಹ್ಯಾಂಬರ್ಗಿಗೆ ಹೊರಟಾಗ, ಜರ್ಮನ್ ಬರುತ್ತದೆಂದು ಬೊಗಳೆ ಬಿಟ್ಟು ಜೊತೆಗೆ ಹೋದವನು ನಾನು. ಮಗಳ ಮನೆ ಊರಾಚೆಯ ಬಡಾವಣೆಯಲ್ಲಿತ್ತು. ಅಲ್ಲಿ ರವಿವಾರ ಸಪ್ಪಳ ಮಾಡುವಂತಿಲ್ಲ. ಇನ್ನೊಂದು ದೂರು ಬಂದರೆ ಮನೆ ಬಿಡಿಸುತ್ತೇನೆಂದು ಮಾಲೀಕ ಹೇಳಿದ್ದ. ಕಾಕು ರವಿವಾರ ಬೆಳಿಗ್ಗೆಯೇ ಜೋಳದ ರೊಟ್ಟಿ ಬಡಿಯತೊಡಗಿದರು.

ಕೆಳಗಿನ ಮನೆಯ ಜರ್ಮನ್ ಅಜ್ಜಿ ಕೆಂಪಗಾಗಿ ಮೇಲೆ ಬಂದರು. ಗಾಬರಿಯಲ್ಲಿ ನಾನು ಕಲಿತಿದ್ದ ಮೂರೂ ಜರ್ಮನ್ ಮಾತನ್ನು ಒಟ್ಟಿಗೆ ಒದರಿದೆ: ನಮಸ್ಕಾರ, ಧನ್ಯವಾದ, ಬಿಲ್ ಕೊಡಿ.

"ಬಾಯಿ ಮುಚ್ಚಲೇ, ಇದ್ದ ಮನೀನೂ ಕಳೀತಿ" ಎಂದು ಕಾಕು ನನ್ನನ್ನು ಸರಿಸಿ, ಅಜ್ಜಿಯ ಕೈಗೆ ಹಿಟ್ಟಿನ ಉಂಡೆ ಇಟ್ಟರು. "ಸಪ್ಪಳ ಆಗದಂಗ ನೀವ ಬಡದ ತೋರಸ್ರಿ."

ಮಗಳು ನಗು ತಡೆದುಕೊಂಡು ಅದನ್ನು ಜರ್ಮನ್ನಿನಲ್ಲಿ ಹೇಳಿದಳು.

ಅಜ್ಜಿ ಮೆಲ್ಲಗೆ ತಟ್ಟಿದರು, ರೊಟ್ಟಿ ಹರಿಯಿತು. ಅವರಿಗೆ ಹಟ ಬಂತು. ಅಂಗಿಯ ತೋಳು ಮಡಚಿ ಬಡಿದ ಬಡಿತಕ್ಕೆ ಕಿಟಕಿ ಗಾಜು ಅದುರಿತು. ನಾಲ್ಕನೆಯ ರೊಟ್ಟಿ ಹಂಚಿನ ಮೇಲೆ ಉಬ್ಬಿದಾಗ ಎರಡೂ ಕೈ ಮೇಲೆತ್ತಿ ಕೂಗಿದರು. ದೂರಿನ ಮಾತು ಬಿಟ್ಟು, ಒಂದು ಡಬ್ಬಿ ಹಿಟ್ಟು ಇಸಿದುಕೊಂಡು ಕೆಳಗಿಳಿದರು.

ಮುಂದಿನ ರವಿವಾರ ಕೆಳಗಿನಿಂದ ಬಂದ ಪಟಪಟ ಸಪ್ಪಳಕ್ಕೆ ನಾನು ಹಾಸಿಗೆಯಿಂದ ಜಿಗಿದೆ. ಕಾಕು ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿ ತಟ್ಟುತ್ತ ಕಿವಿಗೊಟ್ಟಿದ್ದರು.

"ಸಪ್ಪಳದಾಗ ಗೊತ್ತಾಗ್ತೈತಿ," ಎಂದರು. "ಒಂದೂ ಹರದಿಲ್ಲ!"