ಹೋಳಿಗೆ ಬುಟ್ಟಿಯ ಹಿಂದೆ

ನಮ್ಮ ಪಿಕಪ್ಪಿನ ಹಿಂಭಾಗದಲ್ಲಿ ಆ ಪೆಟ್ಟಿಗೆ ಮಾಡಿ ಕೂರಿಸಿದವನು ನಾನೇ. ಹಳೆಯ ಬಾಗಿಲಿನ ಹಲಗೆ, ಒಂದು ಮಗ್ಗುಲಿನುದ್ದಕ್ಕೂ ಬೆಂಚಿನ ಹಾಗೆ. ಒಳಗೆ ಸಾಮಾನು, ಮೇಲೆ ಜನ. ಹಿಂದಿನ ತುದಿಗಷ್ಟೇ ಮುಚ್ಚಳ. ತಂಗಿಯ ಕುಬಸಕ್ಕೆ ಕೊಲ್ಹಾರದಿಂದ ಗೊಳಸಂಗಿಗೆ ಬುತ್ತಿ ಒಯ್ಯಬೇಕಿತ್ತು. ಬಸುರಿಗೆಂದು ತವರಿನಿಂದ ಹೋದ ಹೋಳಿಗೆಯ ಮೇಲೆ ದಾರಿಯ ಧೂಳು ಕೂತರೆ ಬೀಗರು ಸುಮ್ಮನಿರುತ್ತಾರೆಯೇ? ಸಂದುಸಂದಿಗೂ ಬೈಕಿನ ಹಳೆಯ ಟ್ಯೂಬು ಕತ್ತರಿಸಿ ಮೊಳೆ ಬಡಿದೆ. "ಇರಿವಿ ಸೈತ ಒಳಗ ಹೋಗಂಗಿಲ್ಲ" ಎಂದು ಓಣಿಯ ತುಂಬ ಜಂಬ ಕೊಚ್ಚಿದೆ.

ಹೊರಡುವ ಹೊತ್ತಿಗೆ, ಹೋಳಿಗೆಯ ಬುಟ್ಟಿ ಅಲುಗಾಡದಿರಲೆಂದು ಗೋಣಿಚೀಲ ತುರುಕಲು ಒಳಗೆ ತೆವಳಿದೆ. ಬುಟ್ಟಿಯನ್ನು ದಾಟಿ ಕ್ಯಾಬಿನ್ನಿನ ಕಡೆಯ ಕೊನೆಯವರೆಗೂ ಹೋಗಿದ್ದೆ. ಅಷ್ಟರಲ್ಲಿ ಯಾರೋ ರೊಟ್ಟಿಯ ಗಂಟು ನೂಕಿದರು, ಮುಚ್ಚಳ ಹಾಕಿದರು, ಚಿಲಕ ಬಿತ್ತು. ನಾನು ಬೈಕಿನಲ್ಲಿ ಮುಂದೆ ಹೋಗುವುದೆಂದು ಮೊದಲೇ ಮಾತಾಗಿತ್ತು. ಹೋಗಿದ್ದಾನೆಂದೇ ಎಲ್ಲರೂ ತಿಳಿದರು. ತಮ್ಮ ಗಾಡಿ ಬಿಟ್ಟ.

ಬಡಿದೆ, ಕೂಗಿದೆ. ನನ್ನ ತಲೆಯ ಮೇಲೆಯೇ ಅವ್ವ, ಓಣಿಯ ಹೆಂಗಸರು ಕೂತು ಸೋಬಾನ ಹಾಡುತ್ತಿದ್ದರು. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು. ಎಪ್ಪಾ, ಆ ಹಾಡುಗಳು ಇಷ್ಟುದ್ದವೆಂದು ಅಂದೇ ಗೊತ್ತಾದದ್ದು! ಬೆವರು ಕಣ್ಣಿಗಿಳಿಯಿತು. ಉಸಿರೆಳೆದರೆ ತುಪ್ಪ, ಏಲಕ್ಕಿಯ ವಾಸನೆಯೇ ಹೊರತು ಗಾಳಿ ಸಿಗದು. ರಬ್ಬರನ್ನು ಉಗುರಿನಿಂದ ಕೀಳಲು ನೋಡಿದೆ. ಬರಲಿಲ್ಲ, ಹಾಳಾದವನು ಅಷ್ಟು ಗಟ್ಟಿಯಾಗಿ ಬಡಿದಿದ್ದೆ. ಸಾಯುವುದು ಖಾತ್ರಿ ಎನ್ನಿಸಿತು. ಆರತಿಗೆ ಕೂತ ತಂಗಿಯ ಎದುರಿಗೇ ಈ ಮುಚ್ಚಳ ತೆರೆದರೆ? ಆ ಯೋಚನೆ ಬಂದದ್ದೇ ತಡ, ಇದ್ದಬದ್ದ ಬಲ ಹಾಕಿ ಹಲಗೆಗೆ ಒದ್ದೆ.

ಮೇಲೆ ಹಾಡು ನಿಂತಿತು.

"ಬುಟ್ಟಿ ಉಳ್ಳ್ಯಾಡಾಕತ್ತೇತಿ ನೋಡ್ರೆವ್ವಾ," ಅವ್ವನ ದನಿ. "ಹೋಳಿಗಿ ಪುಡಿಪುಡಿ ಆಗ್ತಾವ. ಏ, ಗಾಡಿ ನಿಂದ್ರಸೋ!"

ಮುಚ್ಚಳ ತೆರೆಯಿತು. ಗಂಟು, ಬುಟ್ಟಿ ಎಳೆದವರಿಗೆ ಹಿಂದೆ ನನ್ನ ಕೈ ಕಂಡಿತು. ಹೆಂಗಸರು ಚೀರಿದರು. ತಮ್ಮ ನನ್ನನ್ನು ಹೊರಗೆಳೆದು ರಸ್ತೆಯ ಬದಿಗೆ ಮಲಗಿಸಿದ. ಅವ್ವ ಬೈಯಲಿಲ್ಲ, ಅಳಲೂ ಇಲ್ಲ.

"ನಾನಽ ಮುಚ್ಚೇನಲ್ಲೋ," ಎಂದಳು. "ಮ್ಯಾಲ ಕುಂತು ಹಾಡೇನಲ್ಲೋ ಯಪ್ಪಾ."

ಮತ್ತೆ ಹೊರಟಾಗ ಅವಳು ಹಿಂದೆ ಕೂರಲು ಒಪ್ಪಲಿಲ್ಲ. ಮುಂದೆ ನನಗೆ ಒತ್ತಿಕೊಂಡು ಕೂತು, ಗೊಳಸಂಗಿ ಬರುವವರೆಗೂ ನನ್ನ ಮೂಗಿನ ಕೆಳಗೆ ಬೆರಳು ಹಿಡಿದೇ ಇದ್ದಳು.